ಮಾನಸಿಕ ಆಘಾತ ಮತ್ತು ಮಾತಿನ ಚಿಕಿತ್ಸೆ

೧

ದೇಹಕ್ಕೆ ಪೆಟ್ಟು ಬಿದ್ದರೆ ಗಾಯ ಕಣ್ಣಿಗೆ ಕಾಣುತ್ತದೆ. ಅದು ಮಾಯುತ್ತಿದೆಯೆ, ಕೀವುಗಟ್ಟುತ್ತಿದೆಯೆ ಎಂಬುದನ್ನು ವೈದ್ಯನು ಮುಟ್ಟಿ ನೋಡಿ ಹೇಳಬಲ್ಲನು. ಮನಸ್ಸಿಗೆ ಬಿದ್ದ ಪೆಟ್ಟಿನ ವಿಷಯದಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಗಾಯವನ್ನು ತೋರಿಸಬೇಕಾದವನು ರೋಗಿಯೇ. ತೋರಿಸಲು ಅವನಿಗಿರುವ ಮುಖ್ಯ ಸಾಧನ ಮಾತು. ಆದರೆ ಯಾವುದನ್ನು ಹೇಳಬೇಕೋ ಅದನ್ನು ಹೇಳಲಾರದಿರುವುದೇ ಅನೇಕ ವೇಳೆ ಆ ಗಾಯದ ಲಕ್ಷಣ. ಈ ತೊಡಕನ್ನು ಚಿಕಿತ್ಸಾ ಮನೋವಿಜ್ಞಾನಿಯು ಹೇಗೆ ಬಿಡಿಸಲು ಯತ್ನಿಸುತ್ತಾನೆ ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಗ್ರೀಕ್ ಭಾಷೆಯಲ್ಲಿ ‘ಟ್ರಾಮಾ’ ಎಂದರೆ ಗಾಯ. ಶಸ್ತ್ರವೈದ್ಯರ ಈ ಶಬ್ದವನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮನಸ್ಸಿಗೂ ಅನ್ವಯಿಸತೊಡಗಿದರು. ಕನ್ನಡದಲ್ಲಿ ನಾವು ‘ಆಘಾತ’ ಎನ್ನುತ್ತೇವೆ. ದಿನಬಳಕೆಯಲ್ಲಿ ಈ ಮಾತಿನ ಅರ್ಥ ಸಡಿಲವಾಗಿದೆ: ಪರೀಕ್ಷೆಯಲ್ಲಿ ನಪಾಸಾದುದೂ ಆಘಾತವೇ, ಬೆಲೆ ಕುಸಿದುದೂ ಆಘಾತವೇ. ಮನಶ್ಶಾಸ್ತ್ರದಲ್ಲಿ ಅದಕ್ಕೆ ಗೊತ್ತಾದ ಎಲ್ಲೆಯುಂಟು. ತನ್ನ ಅಥವಾ ಕಣ್ಣೆದುರಿನ ಇನ್ನೊಬ್ಬರ ಪ್ರಾಣಕ್ಕೆ ಕುತ್ತು ಬಂದ ಘಟನೆ, ಘೋರವಾದ ಗಾಯ, ಲೈಂಗಿಕ ಹಿಂಸೆ ಮೊದಲಾದವುಗಳಿಗೆ ಸಿಕ್ಕಿದವನ ಅನುಭವವನ್ನು ಮಾತ್ರ ಇಲ್ಲಿ ಆಘಾತವೆಂದು ಗಣಿಸುತ್ತೇವೆ.

ವಿಷಯವನ್ನು ತತ್ತ್ವಮಾತ್ರವಾಗಿ ಹೇಳಿದರೆ ಅದು ಆಸ್ಪತ್ರೆಯ ಗೋಡೆಯೊಳಗಿನ ವಿದ್ಯೆಯಾಗಿ ತೋರಬಹುದು. ಆದ್ದರಿಂದ ಒಂದು ಹೋಬಳಿಯನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಮೇಲು. ದೊಡ್ಡಬೆಳವಂಗಲವು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ ತಾಲ್ಲೂಕಿನ ಹೋಬಳಿ ಕೇಂದ್ರ. ಸುತ್ತ ರಾಗಿಯ ಹೊಲ, ಮನೆಮನೆಗೆ ಹಸು. ತಾಲ್ಲೂಕಿನ ಪಟ್ಟಣದಲ್ಲಿ ಮಗ್ಗ. ಬಾಶೆಟ್ಟಿಹಳ್ಳಿಯ ಕಡೆ ಕಾರ್ಖಾನೆಗಳು. ಹೊಲ ಮನೆಗಳ ನಡುವೆ ತಿರುಗುತ್ತಿದ್ದ ಬದುಕು ಈಗ ಬೆಳಗ್ಗೆ ಸಂಜೆ ಬೈಕು ಬಸ್ಸುಗಳಲ್ಲಿ ರಸ್ತೆಗೆ ಬಿದ್ದಿದೆ. ಇಂಥ ಪ್ರದೇಶದಲ್ಲಿ ಆಘಾತವೆಂದರೆ ಯುದ್ಧವಲ್ಲ, ಭೂಕಂಪವಲ್ಲ. ಬಹುಮಟ್ಟಿಗೆ ರಸ್ತೆಯ ಅಪಘಾತ, ಯಂತ್ರಕ್ಕೆ ಸಿಕ್ಕಿದ ಕೈ, ಮನೆಯೊಳಗಿನ ಹೊಡೆತ, ಹೊಲದ ಔಷಧಿ ಕುಡಿದವರನ್ನು ಎತ್ತಿಕೊಂಡು ಓಡಿದ ರಾತ್ರಿ.

೨

ಆಘಾತಕ್ಕೆ ಸಿಕ್ಕಿದವರೆಲ್ಲರೂ ರೋಗಿಗಳಾಗುತ್ತಾರೆಂದು ಭಾವಿಸುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಲೋಕದ ಜನರಲ್ಲಿ ನೂರಕ್ಕೆ ಸುಮಾರು ೭೦ ಮಂದಿ ತಮ್ಮ ಆಯುಷ್ಯದಲ್ಲಿ ಒಮ್ಮೆಯಾದರೂ ಇಂಥ ಘಟನೆಗೆ ಒಳಗಾಗುತ್ತಾರೆ. ಹಾಗೆ ಒಳಗಾದವರಲ್ಲಿ ನೂರಕ್ಕೆ ೫.೬ ಮಂದಿಯಲ್ಲಿ ಮಾತ್ರ ‘ಆಘಾತೋತ್ತರ ಮನೋವ್ಯಾಧಿ’ ಕಾಣಿಸಿಕೊಳ್ಳುತ್ತದೆ. ಮೊದಲ ಕೆಲವು ವಾರಗಳಲ್ಲಿ ನಿದ್ರೆ ಬಾರದಿರುವುದು, ಬೆಚ್ಚಿಬೀಳುವುದು, ಅದೇ ದೃಶ್ಯ ಕಣ್ಣ ಮುಂದೆ ಸುಳಿಯುವುದು ಎಲ್ಲವೂ ಸಹಜ. ಮುರಿದ ಮೂಳೆ ತಾನಾಗಿ ಕೂಡಿಕೊಳ್ಳುವಂತೆ ಬಹುಮಂದಿಯ ಮನಸ್ಸು ನೆರೆಹೊರೆಯ ಆಸರೆಯಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ತಿಂಗಳು ಕಳೆದರೂ ಈ ಲಕ್ಷಣಗಳು ಕುಗ್ಗದೆ ಬಾಳಿನ ಕೆಲಸಕ್ಕೆ ಅಡ್ಡಬಂದಾಗ ಚಿಕಿತ್ಸೆಯ ಮಾತು ಬರುತ್ತದೆ.

ಲಕ್ಷಣಗಳನ್ನು ತಿಳಿಯಲು ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಇದು ಯಾವೊಬ್ಬ ವ್ಯಕ್ತಿಯ ಕಥೆಯೂ ಅಲ್ಲ. ದೊಡ್ಡಬೆಳವಂಗಲದ ಸುತ್ತಿನ ಒಂದು ಹಳ್ಳಿಯ ಗೃಹಿಣಿ ಗಂಡನ ಬೈಕಿನಲ್ಲಿ ಕುಳಿತು ಪೇಟೆಯಿಂದ ಹಿಂದಿರುಗುತ್ತಿದ್ದಾಳೆ. ದಾರಿಯಲ್ಲಿ ಹೂ ಕೊಳ್ಳಲು ಅವಳು ಬೈಕನ್ನು ನಿಲ್ಲಿಸಿಸುತ್ತಾಳೆ. ಮತ್ತೆ ಹೊರಟು ಸ್ವಲ್ಪ ದೂರದಲ್ಲಿ ಲಾರಿಯೊಂದು ಬಡಿದು ಗಂಡ ಸ್ಥಳದಲ್ಲಿಯೇ ಸಾಯುತ್ತಾನೆ. ಇವಳಿಗೆ ತರಚು ಗಾಯ. ಎಂಟು ತಿಂಗಳಾಗಿದೆ. ಅವಳು ಊರಿನ ಸರಕಾರಿ ಆಸ್ಪತ್ರೆಗೆ ಹೋಗಿ ಹೇಳುವುದು ಇಷ್ಟೆ: ತಲೆನೋವು, ಸುಸ್ತು, ಎದೆ ಡವಡವ, ಕೈಕಾಲು ಜೋಮು. ರಕ್ತ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ಟಾನಿಕ್ಕು, ನೋವಿನ ಮಾತ್ರೆ ಕೊಟ್ಟು ಕಳುಹಿಸುತ್ತಾರೆ. ಮನೆಯಲ್ಲಿ ಅಂತ್ರ ಕಟ್ಟಿಸಿದ್ದಾರೆ. ಅಪಘಾತದ ಸಂಗತಿಯನ್ನು ಯಾರೂ ಎತ್ತುವುದಿಲ್ಲ; ಅವಳೂ ಹೇಳುವುದಿಲ್ಲ.

ಅವಳ ಮನಸ್ಸಿನಲ್ಲಿ ನಡೆಯುತ್ತಿರುವುದನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಮರುಕಳಿಕೆ: ಡೀಸೆಲ್ಲಿನ ವಾಸನೆ ಬಂದರೆ, ಲಾರಿಯ ಹಾರನ್ನು ಕೇಳಿದರೆ, ಆ ಸಂಜೆ ನೆನಪಾಗುವುದಲ್ಲ, ಮತ್ತೆ ನಡೆಯುತ್ತದೆ. ಎರಡನೆಯದು ತಪ್ಪಿಸಿಕೊಳ್ಳುವಿಕೆ: ಅವಳು ರಸ್ತೆ ದಾಟಿ ಹಾಲಿನ ಡೇರಿಗೆ ಹೋಗುವುದನ್ನು ಬಿಟ್ಟಿದ್ದಾಳೆ, ಹೂ ಮುಡಿದವರನ್ನು ಕಂಡರೆ ಮುಖ ತಿರುಗಿಸುತ್ತಾಳೆ. ಮೂರನೆಯದು ಸದಾ ಎಚ್ಚರ: ಪಾತ್ರೆ ಬಿದ್ದರೆ ಹಾರಿಬೀಳುವುದು, ಮಗು ಕಣ್ಮರೆಯಾದರೆ ಕೂಗಾಡುವುದು, ನಡುರಾತ್ರಿ ಎದ್ದು ಕೂರುವುದು. ನಾಲ್ಕನೆಯದು ನಂಬಿಕೆಯ ಕುಸಿತ: ‘ನಾನು ಹೂ ಕೇಳದಿದ್ದರೆ ಅವರು ಉಳಿಯುತ್ತಿದ್ದರು’ ಎಂಬ ತೀರ್ಪನ್ನು ತನ್ನ ಮೇಲೆ ತಾನೇ ಕೊಟ್ಟುಕೊಂಡಿದ್ದಾಳೆ. ಅತ್ತೆಯ ಬಾಯಲ್ಲಿ ‘ಕಾಲ್ಗುಣ’ ಎಂಬ ಮಾತು ಒಮ್ಮೆ ಬಂದುಹೋಗಿದ್ದರಂತೂ ಆ ತೀರ್ಪಿಗೆ ಮೊಹರು ಬಿದ್ದಂತೆಯೇ.

ಇದರ ಒಳಗುಟ್ಟು ಸ್ಮೃತಿಯ ರಚನೆಯಲ್ಲಿದೆ. ಸಾಮಾನ್ಯವಾದ ನೆನಪಿಗೆ ದಿನ, ಸ್ಥಳ, ಮೊದಲು, ಆಮೇಲೆ ಎಂಬ ಕಟ್ಟು ಇರುತ್ತದೆ; ‘ಆಗ ಆಯಿತು, ಮುಗಿಯಿತು’ ಎಂಬ ಮುದ್ರೆಯೊಡನೆ ಅದು ಮನಸ್ಸಿನಲ್ಲಿ ನಿಲ್ಲುತ್ತದೆ. ಪ್ರಾಣಭಯದ ಗಳಿಗೆಯಲ್ಲಿ ಭಯವನ್ನು ಗುರುತಿಸುವ ಮಿದುಳಿನ ಅಮಿಗ್ಡಲ ಎಂಬ ಭಾಗವು ಅತಿಯಾಗಿ ಕೆರಳುತ್ತದೆ. ಅನುಭವಕ್ಕೆ ಕಾಲದೇಶಗಳ ಚೌಕಟ್ಟನ್ನು ಕೊಡುವುದರಲ್ಲಿ ಮುಖ್ಯವಾದ ಹಿಪೊಕ್ಯಾಂಪಸ್ ಭಾಗದ ಕೆಲಸ ಕುಂದುತ್ತದೆ ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಆದ್ದರಿಂದ ಆ ಅನುಭವ ಚೂರುಚೂರಾಗಿ, ವಾಸನೆ, ಸದ್ದು, ಬೆಳಕುಗಳಾಗಿ, ಕಾಲದ ಮುದ್ರೆಯಿಲ್ಲದೆ ಉಳಿಯುತ್ತದೆ. ವೇದಾಂತಿಗಳು ಹಗ್ಗದಲ್ಲಿ ಹಾವನ್ನು ಕಾಣುವ ದೃಷ್ಟಾಂತವನ್ನು ಭ್ರಮೆಗೆ ಕೊಡುತ್ತಾರೆ. ಇಲ್ಲಿ ಒಂದು ಭೇದವುಂಟು: ಹಾವು ನಿಜವಾಗಿಯೂ ಒಮ್ಮೆ ಕಚ್ಚಿತ್ತು. ಆದುದರಿಂದ ‘ಇದು ಹಗ್ಗ, ಹೆದರಬೇಡ’ ಎಂಬ ಉಪದೇಶದಿಂದ ಫಲವಿಲ್ಲ. ಕಚ್ಚಿದ್ದು ಅಂದು, ಕಾಣುತ್ತಿರುವುದು ಇಂದು ಎಂಬ ಭೇದವನ್ನು ಮನಸ್ಸು ತಾನೇ ಕಾಣುವಂತಾಗಬೇಕು. ಚಿಕಿತ್ಸೆಯ ಗುರಿ ಮರೆಸುವುದಲ್ಲ; ಮುಗಿದುದನ್ನು ಮುಗಿದ ಕಾಲಕ್ಕೆ ಸೇರಿಸುವುದು.

೩

ಈ ತಿಳಿವಳಿಕೆ ಒಮ್ಮೆಲೇ ಬಂದುದಲ್ಲ. ಮೊದಲ ಮಹಾಯುದ್ಧದಲ್ಲಿ ಗಾಯವಿಲ್ಲದೆಯೂ ಮಾತು ನಿಂತ, ಕೈ ನಡುಗುವ ಸೈನಿಕರನ್ನು ಕಂಡು ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಮೈಯರ್ಸ್ ೧೯೧೫ರಲ್ಲಿ ‘ಶೆಲ್ ಷಾಕ್’ ಎಂಬ ಹೆಸರಿನಲ್ಲಿ ಲೇಖನ ಬರೆದನು. ಆ ಕಾಲದಲ್ಲಿ ಇಂಥವರಲ್ಲಿ ಹಲವರನ್ನು ಹೇಡಿಗಳೆಂದು ಜರೆದದ್ದುಂಟು. ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಡಬ್ಲ್ಯು. ಎಚ್. ಆರ್. ರಿವರ್ಸ್ ಇದಕ್ಕೆ ಬೇರೆಯಾದ ದಾರಿ ಹಿಡಿದನು. ಯುದ್ಧದ ನೆನಪನ್ನು ಮನಸ್ಸಿನಿಂದ ನೂಕಿಬಿಡಿರೆಂದು ಹೇಳುವುದರಿಂದ ವ್ಯಾಧಿ ಹೆಚ್ಚುತ್ತದೆ; ಅದನ್ನು ಸಹಿಸಬಹುದಾದ ರೂಪದಲ್ಲಿ ಎದುರಿಸಲು ನೆರವಾಗಬೇಕು ಎಂಬುದು ಅವನ ಮತ.

೧೯೪೨ರ ನವೆಂಬರ್ ೨೮ರಂದು ಅಮೆರಿಕದ ಬಾಸ್ಟನ್ ನಗರದ ಕೋಕೊನಟ್ ಗ್ರೋವ್ ಎಂಬ ವಿಹಾರಗೃಹಕ್ಕೆ ಬೆಂಕಿ ಬಿದ್ದು ೪೯೨ ಮಂದಿ ಸತ್ತರು. ಬದುಕಿ ಉಳಿದವರನ್ನೂ ಬಂಧುಗಳನ್ನು ಕಳೆದುಕೊಂಡವರನ್ನೂ ಕಂಡ ಎರಿಕ್ ಲಿಂಡೆಮನ್ ೧೯೪೪ರಲ್ಲಿ ತೀವ್ರ ಶೋಕದ ಲಕ್ಷಣಗಳನ್ನು ವಿವರಿಸಿದನು: ಅಲೆಅಲೆಯಾಗಿ ಬರುವ ದೇಹಸಂಕಟ, ಸತ್ತವರ ರೂಪ ಸದಾ ಕಣ್ಣಲ್ಲಿ ನಿಲ್ಲುವುದು, ತಪ್ಪಿತಸ್ಥಭಾವ, ಸುತ್ತಲಿನವರ ಮೇಲೆ ಕಾರಣವಿಲ್ಲದ ಸಿಡುಕು. ಶೋಕವೂ ಒಂದು ದುಡಿಮೆ, ಅದನ್ನು ದುಡಿದೇ ತೀರಿಸಬೇಕು ಎಂಬ ಭಾವನೆ ಶಾಸ್ತ್ರದಲ್ಲಿ ನೆಲೆಗೊಂಡುದು ಆ ಲೇಖನದಿಂದ.

ಅಂಥದೇ ಸಂಕಟ ಬೆಂಗಳೂರಿಗೂ ಬಂದಿತು. ೧೯೮೧ರ ಫೆಬ್ರವರಿ ೭ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿ ೯೨ ಮಂದಿ ಮಡಿದರು. ಅವರಲ್ಲಿ ಹೆಚ್ಚಿನವರು ಆಟ ನೋಡಲು ಬಂದಿದ್ದ ಮಕ್ಕಳು. ಬಂಧುಗಳನ್ನು ಕಳೆದುಕೊಂಡವರ ಶೋಕವನ್ನು ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ, ಅಂದರೆ ನಿಮ್ಹಾನ್ಸಿನ, ಸಂಶೋಧಕರು ಅಧ್ಯಯನ ಮಾಡಿ, ೧೯೮೭ರಲ್ಲಿ ಆ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ನಮ್ಮ ದೇಶದಲ್ಲಿ ವಿಪತ್ತಿನ ಅನಂತರದ ಮನಸ್ಸನ್ನು ಶಾಸ್ತ್ರೀಯವಾಗಿ ಕಾಣಲು ಯತ್ನಿಸಿದ ಮೊದಮೊದಲ ಕೃಷಿಗಳಲ್ಲಿ ಇದೊಂದು.

ಇದಕ್ಕೆ ನೆಲ ಮೊದಲೇ ಹದವಾಗಿತ್ತು. ಲಂಡನ್ನಿನಲ್ಲಿ ಅಭ್ಯಾಸ ಮಾಡಿ ಬಂದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ೧೯೨೪ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದ್ದರು. ೧೯೫೪ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು, ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಮರುವರ್ಷವೇ ಅಲ್ಲಿ ಚಿಕಿತ್ಸಾ ಮನೋವಿಜ್ಞಾನದ ಶಿಕ್ಷಣ ಪ್ರಾರಂಭವಾಯಿತು. ೧೯೭೪ರಲ್ಲಿ ಆ ಸಂಸ್ಥೆಯೂ ಮಾನಸಿಕ ಆಸ್ಪತ್ರೆಯೂ ಒಂದುಗೂಡಿ ನಿಮ್ಹಾನ್ಸ್ ಆಯಿತು. ೧೯೮೪ರ ಭೋಪಾಲದ ವಿಷಾನಿಲ ದುರಂತದ ಅನಂತರ ಇಲ್ಲಿನ ಡಾಕ್ಟರ್ ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು ಅಲ್ಲಿನ ಸಾಮಾನ್ಯ ವೈದ್ಯರಿಗೆ ಮಾನಸಿಕ ಶುಶ್ರೂಷೆಯ ತರಬೇತು ಕೊಟ್ಟರು. ೨೦೦೧ರ ಗುಜರಾತಿನ ಭೂಕಂಪ, ೨೦೦೪ರ ಸುನಾಮಿಗಳ ಅನಂತರವೂ ಸಂಸ್ಥೆಯವರು ಸ್ಥಳೀಯ ಕಾರ್ಯಕರ್ತರನ್ನು ಸಿದ್ಧಗೊಳಿಸುವ ಕ್ರಮವನ್ನೇ ಹಿಡಿದರು. ತಜ್ಞರ ಸಂಖ್ಯೆ ಎಷ್ಟಾದರೂ ಸಾಲದು. ತಜ್ಞನ ವಿದ್ಯೆಯ ಒಂದು ಪಾಲನ್ನು ಹತ್ತಿರದವರ ಕೈಗೆ ಕೊಡಬೇಕು ಎಂಬುದು ಈ ಅನುಭವಗಳ ಸಾರ. ಹೋಬಳಿಯ ವಿಚಾರಕ್ಕೆ ಬಂದಾಗ ಈ ಮಾತನ್ನು ಮತ್ತೆ ನೆನೆಯಬೇಕಾಗುತ್ತದೆ.

೪

ಈಗ ಚಿಕಿತ್ಸೆಯ ಕ್ರಮವನ್ನು ನೋಡೋಣ. ಔಷಧ ಕೊಡುವವನು ಮನೋವೈದ್ಯ. ಚಿಕಿತ್ಸಾ ಮನೋವಿಜ್ಞಾನಿಯು ಔಷಧ ಕೊಡುವುದಿಲ್ಲ. ಪರೀಕ್ಷೆ, ಮಾತು, ಅಭ್ಯಾಸ ಇವು ಅವನ ಉಪಕರಣಗಳು. ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ ೧೯೯೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗುಣವಾಗುವಿಕೆಯನ್ನು ಮೂರು ಘಟ್ಟಗಳಾಗಿ ವಿಂಗಡಿಸಿದ್ದಾಳೆ: ಸುರಕ್ಷತೆ, ಸ್ಮರಣೆ ಮತ್ತು ಶೋಕ, ಬಾಳಿನೊಡನೆ ಮರುಕೂಡಿಕೆ. ಚಿಕಿತ್ಸಕರಲ್ಲಿ ಪದ್ಧತಿಗಳ ಭೇದ ಹಲವಿದ್ದರೂ ಈ ವಿಂಗಡಣೆ ವಿವರಣೆಗೆ ಅನುಕೂಲವಾಗಿದೆ.

ಮೊದಲ ಘಟ್ಟ ಸುರಕ್ಷತೆ. ನಮ್ಮ ನಿದರ್ಶನದ ಗೃಹಿಣಿ ಮೊದಲ ದಿನ ಎದುರಿಗೆ ಬಂದು ಕುಳಿತಾಗ ಅಪಘಾತದ ವಿವರವನ್ನು ಕೆದಕುವವನು ಒಳ್ಳೆಯ ಚಿಕಿತ್ಸಕನಲ್ಲ. ಮೊದಲು ತಿಳಿಯಬೇಕಾದುದು ಈಗ ಅವಳಿಗೆ ಅಪಾಯವಿದೆಯೆ ಎಂಬುದು. ಸಾಯುವ ಆಲೋಚನೆ ಬರುತ್ತದೆಯೆ? ಮನೆಯಲ್ಲಿ ಅವಳನ್ನು ಹೇಗೆ ನಡೆಸಿಕೊಳ್ಳುತ್ತಿದ್ದಾರೆ? ಊಟ, ನಿದ್ರೆ ಹೇಗೆ? ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಪರಿಹಾರದ ಹಣಕ್ಕಾಗಿ ಅಲೆದಾಟವಿದೆಯೆ? ಹಿಂಸೆ ಇನ್ನೂ ನಡೆಯುತ್ತಿರುವ ಮನೆಯಲ್ಲಿ ಹಳೆಯ ಹಿಂಸೆಯ ಚಿಕಿತ್ಸೆ ಸಾಗದು. ಉರಿಯುತ್ತಿರುವ ಮನೆಯೊಳಗೆ ಕುಳಿತು ಸುಟ್ಟ ಗಾಯಕ್ಕೆ ಮುಲಾಮು ಹಚ್ಚುವುದು ಹೇಗೆ ಸಾಧ್ಯ? ಎಷ್ಟೋ ಸಲ ಚಿಕಿತ್ಸೆಯ ಮೊದಲ ಕೆಲಸ ಕಾನೂನಿನ ನೆರವು, ಪಿಂಚಣಿಯ ಅರ್ಜಿ, ತವರಿನವರೊಡನೆ ಒಂದು ಮಾತು ಇವೇ ಆಗಿರುತ್ತವೆ.

ಎರಡನೆಯದಾಗಿ, ಅವಳಿಗೆ ಆಗುತ್ತಿರುವುದು ಏನೆಂದು ಅವಳ ಮಾತಿನಲ್ಲಿಯೇ ತಿಳಿಸಬೇಕು. ‘ನಿಮಗೆ ಹುಚ್ಚಲ್ಲ ಅಮ್ಮಾ. ಆ ದಿನ ನಿಮ್ಮ ಪ್ರಾಣ ಉಳಿಸಲು ಎದ್ದ ಹೆದರಿಕೆ ಇನ್ನೂ ಮಲಗಿಲ್ಲ, ಅಷ್ಟೆ. ಅದನ್ನು ಮಲಗಿಸುವುದು ಹೇಗೆಂದು ಇಬ್ಬರೂ ಸೇರಿ ನೋಡೋಣ’ ಎಂಬ ನಾಲ್ಕು ಮಾತು ಕೇಳಿ ಅತ್ತುಬಿಡುವವರುಂಟು. ತಮಗಾಗಿರುವುದಕ್ಕೆ ಒಂದು ಹೆಸರಿದೆ, ಅದು ಇತರರಿಗೂ ಆಗುತ್ತದೆ ಎಂಬ ತಿಳಿವಳಿಕೆಯೇ ಅರ್ಧ ಭಾರವನ್ನು ಇಳಿಸುತ್ತದೆ. ಜೊತೆಗೆ ಉಸಿರನ್ನು ನಿಧಾನವಾಗಿ ಬಿಡುವುದು, ಮೈಯ ಬಿಗಿತವನ್ನು ಸಡಿಲಿಸುವುದು, ನೆನಪು ಮುಗಿಬಿದ್ದಾಗ ಕಾಲಡಿಯ ನೆಲವನ್ನು ಒತ್ತಿ, ಕಣ್ಣೆದುರಿನ ಐದು ವಸ್ತುಗಳ ಹೆಸರು ಹೇಳಿ ಈ ಗಳಿಗೆಗೆ ಹಿಂದಿರುಗುವುದು ಮೊದಲಾದ ಅಭ್ಯಾಸಗಳನ್ನು ಕಲಿಸುತ್ತಾರೆ. ಬಾಲ್ಯದಿಂದ ವರ್ಷಗಟ್ಟಲೆ ಹಿಂಸೆಗೆ ಸಿಕ್ಕಿದವರಲ್ಲಿ ಈ ಘಟ್ಟವೇ ತಿಂಗಳುಗಟ್ಟಲೆ ಹಿಡಿಯಬಹುದು. ೨೦೨೨ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿ ಇಂಥ ಬೇನೆಯನ್ನು ‘ಸಂಕೀರ್ಣ’ ಎಂಬ ವಿಶೇಷಣದೊಡನೆ ಬೇರೆಯಾಗಿ ಗುರುತಿಸಿದೆ.

೫

ಎರಡನೆಯ ಘಟ್ಟ ಸ್ಮರಣೆ. ಚಿಕಿತ್ಸೆಯ ಹೃದಯವಿರುವುದು ಇಲ್ಲಿ. ಅವಳು ಒಪ್ಪಿದ ಮೇಲೆ, ಆ ಸಂಜೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುವಂತೆ ಚಿಕಿತ್ಸಕನು ನೆರವಾಗುತ್ತಾನೆ. ಮೊದಲ ಸಲ ಕಥೆ ತುಂಡುತುಂಡಾಗಿರುತ್ತದೆ, ನಡುವೆ ಕಂದರಗಳಿರುತ್ತವೆ. ಅಳು ಬಂದರೆ ತಡೆಯುವುದಿಲ್ಲ, ಅವಸರಪಡಿಸುವುದಿಲ್ಲ. ಭಯ ಏರುತ್ತದೆ, ಓಡಿಹೋಗದೆ ಅಲ್ಲಿಯೇ ನಿಂತರೆ ಏರಿದ ಭಯ ಕ್ರಮವಾಗಿ ಇಳಿಯುತ್ತದೆ. ವಾರಕ್ಕೊಮ್ಮೆ ಮತ್ತೆ ಮತ್ತೆ ಹೇಳಿದಂತೆ ಮುಚ್ಚಿಹೋಗಿದ್ದ ಎಡೆಗಳು ತೆರೆಯುತ್ತವೆ: ಲಾರಿ ಬಂದುದು ತಪ್ಪು ದಿಕ್ಕಿನಿಂದ; ದಾರಿಹೋಕರೊಬ್ಬರು ನೀರು ಕುಡಿಸಿದರು; ಅವಳು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಚೂರುಗಳು ಸೇರಿ ಕಥೆಯಾಗುತ್ತದೆ. ಕಥೆಯಾದುದಕ್ಕೆ ಆದಿಯಿದೆ, ಅಂತ್ಯವೂ ಇದೆ. ಅಂತ್ಯವಿರುವುದು ಮುಗಿಯಬಲ್ಲದು.

ಈ ಪದ್ಧತಿಗೆ ಅಮೆರಿಕದ ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ಮತ್ತು ಸಂಗಡಿಗರು ೧೯೮೦ರ ದಶಕದಿಂದ ಶಾಸ್ತ್ರೀಯವಾದ ರೂಪವನ್ನು ಕೊಟ್ಟರು. ಇದರ ಇನ್ನೊಂದು ಅಂಗವೆಂದರೆ ತಪ್ಪಿಸಿಕೊಂಡ ಸ್ಥಳಗಳನ್ನು ಮೆಟ್ಟಿಲುಮೆಟ್ಟಿಲಾಗಿ ಎದುರಿಸುವುದು. ಮೊದಲು ಬಾಗಿಲಲ್ಲಿ ನಿಂತು ದೂರದ ಹಾರನ್ನು ಕೇಳುವುದು; ಬಳಿಕ ನಾದಿನಿಯೊಡನೆ ರಸ್ತೆ ದಾಟಿ ಡೇರಿಗೆ ಹಾಲು ಹಾಕುವುದು; ಆಮೇಲೆ ಒಬ್ಬಳೇ ಹೋಗುವುದು; ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಹೋಗಿಬರುವುದು; ಕೊನೆಗೆ ಆ ಸ್ಥಳದಲ್ಲಿಯೇ ಒಂದಷ್ಟು ಹೊತ್ತು ನಿಲ್ಲುವುದು. ಯಾವ ಮೆಟ್ಟಿಲನ್ನು ಎಂದು ಏರಬೇಕೆಂಬುದನ್ನು ನಿರ್ಧರಿಸುವವಳು ಅವಳೇ. ಆಘಾತದಲ್ಲಿ ಅವಳ ಇಚ್ಛೆಗೆ ಬೆಲೆಯಿರಲಿಲ್ಲ; ಚಿಕಿತ್ಸೆಯಲ್ಲಿ ಇಚ್ಛೆಯನ್ನು ಹಿಂದಿರುಗಿಸಬೇಕು.

ಭಯ ತಗ್ಗಿದರೂ ತಪ್ಪಿತಸ್ಥಭಾವ ಉಳಿಯಬಹುದು. ಇದಕ್ಕೆ ವಾದದಿಂದ ಉತ್ತರ ಕೊಡಲಾಗದು. ಪ್ರಶ್ನೆಯಿಂದ ದಾರಿ ತೋರಬಹುದು. ‘ಹೂ ಕೊಳ್ಳುವಾಗ ಮುಂದೆ ಲಾರಿ ಬರುವುದು ನಿಮಗೆ ಗೊತ್ತಿತ್ತೆ?’ ‘ಇಲ್ಲ.’ ‘ನಿಮ್ಮ ತಂಗಿಗೇ ಹೀಗಾಗಿದ್ದರೆ, ನಿನ್ನಿಂದಲೇ ಸತ್ತ ಎಂದು ಅವಳಿಗೆ ಹೇಳುತ್ತಿದ್ದಿರಾ ಅಮ್ಮಾ?’ ಅವಳು ಸುಮ್ಮನಾಗುತ್ತಾಳೆ. ಇಂದು ಗೊತ್ತಿರುವುದನ್ನು ಅಂದೇ ಗೊತ್ತಿತ್ತೆಂಬಂತೆ ತನ್ನನ್ನು ದಂಡಿಸಿಕೊಳ್ಳುತ್ತಿದ್ದೆನೆಂಬುದು ಅವಳಿಗೆ ತಾನಾಗಿ ಹೊಳೆಯಬೇಕು. ಹಾಗೆ ಹೊಳೆದ ಮೇಲೆ ಉಳಿಯುವುದು ಶುದ್ಧವಾದ ದುಃಖ. ಚಿಕಿತ್ಸೆ ದುಃಖವನ್ನು ಕಳೆಯುವುದಿಲ್ಲ, ಕಳೆಯಲೂಬಾರದು. ದುಃಖದ ದಾರಿಗೆ ಅಡ್ಡವಾಗಿದ್ದ ಭಯವನ್ನೂ ಅಪರಾಧಭಾವವನ್ನೂ ಸರಿಸುತ್ತದೆ. ಗಂಡನಿಗಾಗಿ ಅವಳು ನಿಜವಾಗಿ ಅಳುವುದು ಎಷ್ಟೋ ವೇಳೆ ಅಂದೇ ಮೊದಲು.

ಸಾಮಾನ್ಯವಾಗಿ ಒಂದು ಆಘಾತದ ಚಿಕಿತ್ಸೆಗೆ ವಾರಕ್ಕೊಂದರಂತೆ ಎಂಟರಿಂದ ಹನ್ನೆರಡು ಬೈಠಕ್ಕುಗಳು, ಒಂದೊಂದೂ ಒಂದರಿಂದ ಒಂದೂವರೆ ಗಂಟೆ ಬೇಕಾಗುತ್ತವೆ. ಫ್ರಾನ್ಸಿನ್ ಶಪೀರೊ ೧೯೮೯ರಲ್ಲಿ ಪ್ರಕಟಿಸಿದ, ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು ಕಣ್ಣನ್ನು ಅತ್ತಿತ್ತ ಚಲಿಸುವ ಪದ್ಧತಿಯೂ ಬಳಕೆಯಲ್ಲಿದೆ. ಅದರಿಂದ ಗುಣ ಕಂಡಿರುವುದು ನಿಜವಾದರೂ ಕಣ್ಣಿನ ಚಲನೆಯೇ ಕಾರಣವೆ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ.

೬

ಮೂರನೆಯ ಘಟ್ಟ ಮರುಕೂಡಿಕೆ. ಇಲ್ಲಿ ನಮ್ಮ ಸಮಾಜದ ಆಚಾರಗಳ ವಿಚಾರ ಬರುತ್ತದೆ. ಸಾವಿನ ಅನಂತರ ಮೂರನೆಯ ದಿನ ಹಾಲುತುಪ್ಪ ಬಿಡುವುದು, ಹನ್ನೊಂದನೆಯ ದಿನದ ತಿಥಿ, ವರ್ಷಾಬ್ದಿಕ ಇವೆಲ್ಲ ಶೋಕಕ್ಕೆ ಕಾಲದ ಕಟ್ಟನ್ನು ಕೊಡುತ್ತವೆ. ಗೋಳಾಡಲು ಅಪ್ಪಣೆಯಿದೆ, ಗೋಳನ್ನು ಕೇಳಲು ನೆಂಟರಿದ್ದಾರೆ, ಮತ್ತೆ ಒಲೆ ಹೊತ್ತಿಸಲು ಒಂದು ಗೊತ್ತಾದ ದಿನವಿದೆ. ಇದರ ಬೆಲೆಯನ್ನು ಮನಶ್ಶಾಸ್ತ್ರ ಕಡೆಗಣಿಸಲಾರದು. ಆದರೆ ಎರಡು ಕೊರತೆಗಳನ್ನು ಹೇಳಲೇಬೇಕು. ಹನ್ನೆರಡನೆಯ ದಿನ ನೆಂಟರು ಹೊರಟು ಮನೆ ಬರಿದಾಗುತ್ತದೆ. ಆಘಾತದ ನಿಜವಾದ ಕಾಟ ಮೊದಲಾಗುವುದು ಅನೇಕರಿಗೆ ಆಗ. ಮತ್ತು ಕೆಲವು ದುಃಖಗಳಿಗೆ ನಮ್ಮಲ್ಲಿ ಆಚಾರವೇ ಇಲ್ಲ. ಚಿಕ್ಕ ಮಗುವಿನ ಸಾವಿಗೆ ಅನೇಕ ಜಾತಿಗಳಲ್ಲಿ ಪೂರ್ಣವಾದ ಅಪರಕ್ರಿಯೆಯಿಲ್ಲ, ಆತ್ಮಹತ್ಯೆಯನ್ನು ಬಚ್ಚಿಡುತ್ತಾರೆ, ಮಾನಭಂಗಕ್ಕೆ ಸಿಕ್ಕಿದವಳು ಯಾರ ಮುಂದೆ ಗೋಳಾಡಬೇಕು? ವಿಧವೆಯನ್ನು ಮಂಗಳಕಾರ್ಯಗಳಿಂದ ದೂರವಿಡುವ ರೂಢಿ ಇನ್ನೂ ಅಳಿಯದಿರುವ ಕಡೆ, ಅವಳನ್ನು ಬಾಳಿಗೆ ಮರಳಿಸಬೇಕಾದ ಸಮಾಜವೇ ಬಾಗಿಲು ಮುಚ್ಚಿದಂತಾಗುತ್ತದೆ. ಆದುದರಿಂದ ಚಿಕಿತ್ಸಕನು ಅತ್ತೆಯನ್ನೂ ಕರೆಸಿ ಮಾತನಾಡಬೇಕಾಗುತ್ತದೆ. ಆಕೆಯೂ ಮಗನನ್ನು ಕಳೆದುಕೊಂಡವಳು; ‘ಕಾಲ್ಗುಣ’ ಎಂಬ ಮಾತು ಆಕೆಯ ಗಾಯದಿಂದ ಹೊರಟುದೇ ಆಗಿರಬಹುದು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಹಳೆಯ ಗಾಯವನ್ನು ಕೆದಕುವುದೇಕೆ, ಕಾಲವೇ ಎಲ್ಲವನ್ನೂ ಮರೆಸುವುದಿಲ್ಲವೆ ಎಂದು ಕೇಳುವವರುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ವಿಪತ್ತಾದ ಕೂಡಲೆ ಎಲ್ಲರನ್ನೂ ಕೂಡಿಸಿ ಆದುದನ್ನೆಲ್ಲ ಹೇಳಿಸುವ ಒಂದು ಕ್ರಮ ೧೯೮೦ರ ದಶಕದಲ್ಲಿ ಪ್ರಚಾರಕ್ಕೆ ಬಂದಿತ್ತು. ಅದರಿಂದ ವ್ಯಾಧಿ ತಪ್ಪುವುದಿಲ್ಲವೆಂದೂ ಕೆಲವರಿಗೆ ಕೇಡೂ ಆಗಬಹುದೆಂದೂ ಪರಿಶೀಲನೆಯಿಂದ ಕಂಡುಬಂದು ಅದನ್ನು ಕೈಬಿಡಲಾಯಿತು. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಬೇರೆ ಮಾತು ಹೇಳುತ್ತದೆ: ಮೊದಲ ದಿನಗಳಲ್ಲಿ ಬೇಕಾದುದು ನೀರು, ಹೊದಿಕೆ, ಮನೆಯವರ ಸುದ್ದಿ, ಬಲವಂತವಿಲ್ಲದ ಜೊತೆ, ಹೇಳಲು ಬಂದರೆ ಕೇಳು, ಹೇಳದಿದ್ದರೆ ಕೆದಕಬೇಡ. ತಿಂಗಳುಗಳು ಕಳೆದರೂ ಮಾಯದ ಗಾಯದ ಮಾತು ಬೇರೆ. ಅಲ್ಲಿ ಕಾಲ ಮುಂದೆ ಸಾಗಿದ್ದರೂ ನೆನಪು ನಿಂತಲ್ಲಿಯೇ ನಿಂತಿರುತ್ತದೆ.

ಮಾತಿನ ಚಿಕಿತ್ಸೆಯಿಂದ ಎಲ್ಲರೂ ಗುಣಹೊಂದುತ್ತಾರೆಂದೂ ಹೇಳಲಾಗದು. ನಡುವೆ ಬಿಟ್ಟುಹೋಗುವವರಿದ್ದಾರೆ. ಖಿನ್ನತೆ ತೀವ್ರವಾಗಿದ್ದರೆ ಮನೋವೈದ್ಯನ ಔಷಧ ಅಗತ್ಯ. ಕುಡಿತದಲ್ಲಿ ನೆನಪನ್ನು ಮುಳುಗಿಸಲು ಯತ್ನಿಸುತ್ತಿರುವ ಗಂಡಸಿಗೆ ಎರಡರ ಚಿಕಿತ್ಸೆಯೂ ಒಟ್ಟಿಗೆ ನಡೆಯಬೇಕು. ಅವನ ಕುಡಿತವನ್ನು ಮಾತ್ರ ಕಂಡು ಬಯ್ಯುವ ಊರು ಅವನ ಗಾಯವನ್ನು ಕಾಣುವುದಿಲ್ಲ.

೭

ಈಗ ಮುಖ್ಯವಾದ ಪ್ರಶ್ನೆ. ದೊಡ್ಡಬೆಳವಂಗಲದ ಸುತ್ತಿನ ಆ ಗೃಹಿಣಿಗೆ ಇದೆಲ್ಲ ದೊರೆಯುವುದೆಲ್ಲಿ? ನಿಮ್ಹಾನ್ಸ್ ಇರುವುದು ಪಕ್ಕದ ಬೆಂಗಳೂರಿನಲ್ಲಿ. ನಕ್ಷೆಯಲ್ಲಿ ಇದು ಹತ್ತಿರ. ಆದರೆ ರಸ್ತೆಗೇ ಹೆದರುವವಳು ವಾರವಾರವೂ ಬಸ್ಸು ಹತ್ತಿ, ಒಂದು ದಿನದ ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಹನ್ನೆರಡು ಸಲ ಹೋಗಿಬರುವುದು ಸುಲಭವಲ್ಲ. ಈ ದೂರವನ್ನು ತಗ್ಗಿಸಲೆಂದೇ ನಿಮ್ಹಾನ್ಸ್ ೧೯೭೦ರ ದಶಕದಲ್ಲಿ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ನಡೆಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಶಿಕ್ಷಣ ಕೊಟ್ಟಿತು. ೧೯೮೨ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ, ೧೯೮೦ರ ದಶಕದಲ್ಲಿಯೇ ಬಳ್ಳಾರಿಯಲ್ಲಿ ನಡೆದ ಜಿಲ್ಲಾ ಮಟ್ಟದ ಪ್ರಯೋಗ, ೧೯೯೬ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇವು ಆ ದಾರಿಯ ಮೈಲಿಗಲ್ಲುಗಳು. ಈ ಯೋಜನೆಯಂತೆ ಜಿಲ್ಲೆಯ ತಂಡದಲ್ಲಿ ಮನೋವೈದ್ಯನ ಜೊತೆಗೆ ಚಿಕಿತ್ಸಾ ಮನೋವಿಜ್ಞಾನಿಯ ಸ್ಥಾನವೂ ಉಂಟು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ಚಿಕಿತ್ಸೆಯನ್ನು ಪಡೆಯುವುದು ಹಕ್ಕೆಂದೂ ರೋಗಿಯ ಸಂಗತಿಯನ್ನು ಗುಟ್ಟಾಗಿಡಬೇಕೆಂದೂ ವಿಧಿಸಿದೆ. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ‘ಟೆಲಿ ಮಾನಸ್’ ದೂರವಾಣಿ ಸೇವೆಯಲ್ಲಿ ೧೪೪೧೬ ಎಂಬ ಸಂಖ್ಯೆಗೆ ಹಗಲುರಾತ್ರಿ ಕರೆಮಾಡಿ ಕನ್ನಡದಲ್ಲಿ ಮಾತನಾಡಬಹುದು.

ವ್ಯವಸ್ಥೆಯಿದ್ದ ಮಾತ್ರಕ್ಕೆ ಅವಳು ಅಲ್ಲಿಗೆ ತಲಪುವುದಿಲ್ಲ. ತಲೆನೋವಿನ ಹಿಂದಿರುವುದನ್ನು ಯಾರಾದರೂ ಒಬ್ಬರು ಗುರುತಿಸಬೇಕು. ಆಶಾ ಕಾರ್ಯಕರ್ತೆ, ನರ್ಸು, ಅಂಗನವಾಡಿಯ ಶಿಕ್ಷಕಿ, ಡೇರಿಯ ಕಾರ್ಯದರ್ಶಿ, ಯಾರೂ ಆಗಬಹುದು. ‘ಆವತ್ತಿನಿಂದ ನಿದ್ರೆ ಬರುತ್ತಿದೆಯೇನಮ್ಮಾ?’ ಎಂಬ ಒಂದು ಪ್ರಶ್ನೆ ಸಾಕು. ಉಳಿದುದು ಗುಟ್ಟಿನ ಮಾತು. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಹೇಳಿದ್ದು ಸಂಜೆಯೊಳಗೆ ಕಟ್ಟೆಯ ಮೇಲೆ ಚರ್ಚೆಯಾಗುವುದಾದರೆ ಅವಳು ತಲೆನೋವನ್ನೇ ಹೇಳುತ್ತಿರುತ್ತಾಳೆ. ಕೇಳಿದ್ದನ್ನು ಅರಗಿಸಿಕೊಳ್ಳಬಲ್ಲ ಕಿವಿಯೇ ಮೊದಲ ಔಷಧ.

ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇಲ್ಲಿ ಎರಡು ಕೆಲಸಗಳುಂಟು. ಒಂದು, ತರಗತಿಯಲ್ಲಿ ಹಠಾತ್ತನೆ ಹಿಂದೆ ಬಿದ್ದ, ಕಿಟಕಿಯತ್ತ ನೋಡುತ್ತ ಕೂರುವ, ಸಣ್ಣ ಸದ್ದಿಗೆ ಬೆಚ್ಚುವ ವಿದ್ಯಾರ್ಥಿಯನ್ನು ಸೋಮಾರಿಯೆಂದು ತೀರ್ಮಾನಿಸುವ ಮುನ್ನ ಒಂದು ಮಾತು ಏಕಾಂತದಲ್ಲಿ ಕೇಳುವುದು, ತಾನೇ ಚಿಕಿತ್ಸಕನಾಗಲು
ಹೊರಡದೆ ತಕ್ಕವರಲ್ಲಿಗೆ ಕಳುಹಿಸುವುದು. ಎರಡು, ಭಾಷೆಯ ಕೆಲಸ. ಈ ಚಿಕಿತ್ಸೆ ನಡೆಯುವುದು ಮಾತಿನಲ್ಲಿ, ಮಾತು ರೋಗಿಯದಾಗಿರಬೇಕು. ಡಾಕ್ಟರ್ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ ೧೯೭೬ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು, ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಸಿ. ಆರ್. ಚಂದ್ರಶೇಖರ್ ಅವರು ಹಲವು ದಶಕಗಳಿಂದ ಮನಸ್ಸಿನ ಬೇನೆಗಳನ್ನು ಕುರಿತು ಜನರಿಗೆ ತಿಳಿಯುವ ಕನ್ನಡದಲ್ಲಿ ಬರೆದಿದ್ದಾರೆ. ಇನ್ನು ಆಗಬೇಕಾದುದು ಜನರಿಂದ ಕಲಿಯುವ ಕೆಲಸ. ‘ಎದೆ ಒಡೆದುಹೋಯಿತು’, ‘ಜೀವ ಝಲ್ಲೆಂದಿತು’, ‘ಹೊಟ್ಟೆಯಲ್ಲಿ ಬೆಂಕಿ ಇಟ್ಟಂತಾಯಿತು’ ಎಂಬ ಮಾತುಗಳಲ್ಲಿ ರೋಗಿ ತನ್ನ ಗಾಯವನ್ನು ದೇಹದ ಮೇಲೆ ತೋರಿಸುತ್ತಿರುತ್ತಾನೆ. ಅವುಗಳನ್ನು ಹೋಬಳಿಹೋಬಳಿಗಳಲ್ಲಿ ಸಂಗ್ರಹಿಸಿ, ಯಾವ ಮಾತು ಯಾವ ಬೇನೆಯನ್ನು ಸೂಚಿಸುತ್ತದೆ ಎಂಬುದನ್ನು ವ್ಯವಸ್ಥಿತವಾಗಿ ಪರಿಶೀಲಿಸಿದರೆ, ಭಾಷಾವಿಭಾಗಕ್ಕೂ ಮನಶ್ಶಾಸ್ತ್ರ ವಿಭಾಗಕ್ಕೂ ಸಮಾನವಾದ ಒಂದು ಸಂಶೋಧನಕ್ಷೇತ್ರ ತೆರೆದಂತಾಗುತ್ತದೆ. ಸರಕಾರಿ ಆಸ್ಪತ್ರೆಯ ವೈದ್ಯನ ಕೈಗೂ ಉಪಯುಕ್ತವಾದ ಒಂದು ಪಟ್ಟಿ ಸಿಕ್ಕುತ್ತದೆ.

ಗುಣವಾದುದರ ಗುರುತೇನು ಎಂದು ಕೇಳಬಹುದು. ಆ ಸಂಜೆಯನ್ನು ಅವಳು ಮರೆತಿರುವುದಿಲ್ಲ. ಲಾರಿಯ ಹಾರನ್ನು ಕೇಳಿದಾಗ ಒಂದು ಗಳಿಗೆ ನಿಲ್ಲುತ್ತಾಳೆ. ಬಳಿಕ ಹಾಲಿನ ಪಾತ್ರೆಯನ್ನು ಎತ್ತಿಕೊಂಡು ರಸ್ತೆ ದಾಟುತ್ತಾಳೆ. ಅಪ್ಪ ಹೇಗಿದ್ದ ಎಂದು ಮಗು ಕೇಳಿದರೆ, ಅವನು ಸತ್ತ ಬಗೆಯನ್ನಲ್ಲದೆ ಬದುಕಿದ್ದ ಬಗೆಯನ್ನೂ ಹೇಳಬಲ್ಲಳು. ಚಿಕಿತ್ಸಾ ಮನೋವಿಜ್ಞಾನಿಯು ಸಾಧಿಸಬಯಸುವುದು ಇಷ್ಟನ್ನೇ. ಇದು ಅಲ್ಪವೆಂದು ತೋರುವುದು ಆ ಗಾಯವನ್ನು ಅರಿಯದವರಿಗೆ ಮಾತ್ರ.